ಯಾರ್ರೀ ಇಳಿಯೋರು?

ಮಧುರವಾಡದ ನಮ್ಮ ಮನೆಗೆ ಊರ ಕಡೆಯಿಂದ ನೆಂಟರು ಬಂದರೆ ಮೊದಲ ದಿನ ಸಿಂಹಾಚಲ, ಎರಡನೆಯ ದಿನ ಜಲಾಂತರ್ಗಾಮಿ. ಕೈಲಾಸಗಿರಿ, ಅರಕು ಕಣಿವೆ ಎಲ್ಲ ಆಮೇಲಿನ ಮಾತು. ಕಾರ್ ಶೆಡ್ ಸ್ಟಾಪಿನಲ್ಲಿ ಸಿಟಿ ಬಸ್ಸು ಹತ್ತಿದರೆ ಕಂಬಾಲಕೊಂಡದ ಕಾಡುಗುಡ್ಡಗಳನ್ನು ಹಾದು, ಹೆದ್ದಾರಿಯ ಲಾರಿಗಳ ನಡುವೆ ನುಸುಳಿ, ವಿಶಾಖಪಟ್ಟಣದ ಒಳಹೊಕ್ಕು, ಕೊನೆಗೆ ರಾಮಕೃಷ್ಣ ಬೀಚು. ಅಲ್ಲಿ ಮರಳಿನಂಚಿನ ಕಾಂಕ್ರೀಟ್ ಪೀಠದ ಮೇಲೆ ಐಎನ್‌ಎಸ್ ಕುರ್ಸುರಾ ಕೂತಿದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು. 1969ರ ಡಿಸೆಂಬರ್ 18ರಂದು ನಮ್ಮ ನೌಕಾಪಡೆಗೆ ಸೇರಿ, 2001ರ ಫೆಬ್ರವರಿಯಲ್ಲಿ ನಿವೃತ್ತಿಯಾಗಿ, ಮರುವರ್ಷ ದಡ ಹತ್ತಿ ವಸ್ತುಸಂಗ್ರಹಾಲಯವಾಯಿತು. ಉದ್ದ 91 ಮೀಟರಿಗಿಂತ ತುಸು ಹೆಚ್ಚು, ಅಗಲ ಸುಮಾರು 8 ಮೀಟರು. ಇಷ್ಟರೊಳಗೆ ಎಪ್ಪತ್ತಕ್ಕೂ ಹೆಚ್ಚು ಮಂದಿ ವಾರಗಟ್ಟಲೆ ನೀರಡಿಯಲ್ಲಿ ಬದುಕುತ್ತಿದ್ದರು.

ಹೊನ್ನಾವರದ ಕಡೆಯಿಂದ ಬಂದ ನಮ್ಮ ದೊಡ್ಡಾಯಿಯನ್ನು ಇದರೊಳಗೆ ಕರೆದುಕೊಂಡು ಹೋಗಿದ್ದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ದುಂಡನೆಯ ಉಕ್ಕಿನ ಬಾಗಿಲು. ಬಗ್ಗಿ, ಕಾಲು ಮುಂದಿಟ್ಟು, ಆಮೇಲೆ ತಲೆ ತೂರಿಸಬೇಕು. ಎಪ್ಪತ್ತು ದಾಟಿದ ದೊಡ್ಡಾಯಿ ಸೀರೆ ನಿರಿಗೆ ಎತ್ತಿ ಹಿಡಿದು, ಒಂದು ಬಾಗಿಲನ್ನೂ ಬಿಡದೆ ದಾಟಿದರು. ಟಾರ್ಪೆಡೊಗಳ ಪಕ್ಕದಲ್ಲೇ ಮಲಗುವ ಹಲಗೆಗಳು, ಎರಡು ಹೆಜ್ಜೆಯಗಲದ ಅಡುಗೆಮನೆ, ಕುತ್ತಿಗೆಗೆ ತಾಗುವಷ್ಟು ತಗ್ಗಿನಲ್ಲಿ ಹಾದುಹೋದ ಕೊಳವೆಗಳು. ಎಲ್ಲ ತೋರಿಸುತ್ತಿದ್ದವರು ನೌಕಾಪಡೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಎಷ್ಟು ಆಳಕ್ಕೆ ಹೋಗುತ್ತಿತ್ತು, ಎಷ್ಟು ಟಾರ್ಪೆಡೊ ಹೊರುತ್ತಿತ್ತು ಎಂದೆಲ್ಲ ಅವರು ಹಿಂದಿಯಲ್ಲಿ ಹೇಳಿ ಮುಗಿಸಿದ ಮೇಲೆ ದೊಡ್ಡಾಯಿ ನನ್ನ ಕಡೆ ತಿರುಗಿದರು.

"ನಡೂ ಸಮುದ್ರದಲ್ಲಿ ಯಾರಿಗಾದ್ರೂ ಇಳಿಯವು ಹೇಳಿ ಕಂಡ್ರೆ ಎಂತ ಮಾಡ್ತ ತಮಾ?"

ನಾನು ಅದನ್ನು ಹಿಂದಿಗೆ ತಿರುಗಿಸಿ ಕೇಳಿದೆ. ಆ ಹಿರಿಯರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ಹಾಗೆ ಅನ್ನಿಸುವುದುಂಟು. ಇಳಿಯುವುದು ಮಾತ್ರ ಬಂದರಿನಲ್ಲೇ" ಎಂದರು.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕತೆ ಕಾದಂಬರಿಗಳಲ್ಲಿ ಗಾಡಿ, ಹಡಗು, ತೇರು, ಕುದುರೆ ಯಾವುದು ಬಂದರೂ ಅದು ಬಿಡುಗಡೆಯೋ ಸೆರೆಯೋ ಎಂದು ಅಳೆಯಲು ನನಗೆ ಸಿಕ್ಕಿರುವ ಅಳತೆಗೋಲು ಅದೊಂದೇ. ವಾಹನ ಎಷ್ಟು ವೇಗವಾಗಿ ಹೋಗುತ್ತದೆ, ಎಷ್ಟು ದೂರ ಒಯ್ಯುತ್ತದೆ ಎಂಬುದರಲ್ಲಿ ಉತ್ತರವಿಲ್ಲ. ಒಳಗೆ ಕೂತವರು ನಿಲ್ಲಿಸು ಎಂದರೆ ಅದು ನಿಲ್ಲುತ್ತದೆಯೇ? ನಮ್ಮ ಕಡೆಯ ಬಸ್ಸುಗಳಲ್ಲಿ ಕಂಡಕ್ಟರು "ಯಾರ್ರೀ ಇಳಿಯೋರು?" ಎಂದು ಕೂಗಿ, ಹಿಂದಿನ ಸೀಟಿನಿಂದ ಒಂದು ದನಿ ಬಂದೊಡನೆ "ಹೋಲ್ಡಾನ್" ಎನ್ನುತ್ತಾನಲ್ಲ, ಆ ಕೂಗು ಇರುವಲ್ಲಿ ಸ್ವಾತಂತ್ರ್ಯ ಇದೆ. ಇಲ್ಲದ ಕಡೆ ಎಂಥ ಚಿನ್ನದ ರಥವಾದರೂ ಅದು ಬಂದೀಖಾನೆ.

ಕುರ್ಸುರಾ ಸೇವೆಗೆ ಸೇರುವುದಕ್ಕೆ ಸುಮಾರು ನೂರು ವರ್ಷ ಮೊದಲು, 1869ರ ಮಾರ್ಚಿನಲ್ಲಿ, ಫ್ರಾನ್ಸಿನ ಜೂಲ್ಸ್ ವೆರ್ನ್ ಸಮುದ್ರದಡಿಯ ತನ್ನ ದೊಡ್ಡ ಕಾದಂಬರಿಯನ್ನು ಕಂತು ಕಂತಾಗಿ ಪ್ರಕಟಿಸತೊಡಗಿದ. ಅದರ ನಾಟಿಲಸ್ ಎಂಬ ನೌಕೆಗೆ ಅವನು ಕೊಟ್ಟ ಅಳತೆ 70 ಮೀಟರ್ ಉದ್ದ, 8 ಮೀಟರ್ ಅಗಲ. ಕುರ್ಸುರಾದ ಬಳಿ ನಿಂತಾಗ ನನಗೆ ಮೊದಲು ಹೊಳೆಯುವುದು ಈ ಅಳತೆಯೇ. ಬರೇ ಕಲ್ಪನೆಯಲ್ಲಿ ಕಟ್ಟಿದವನು ಎಷ್ಟು ಹತ್ತಿರ ಬಂದಿದ್ದ! ಆದರೆ ಒಳಗಿನ ವೈಭವ ಮಾತ್ರ ಬೇರೆ. ನಾಟಿಲಸ್ಸಿನಲ್ಲಿ 12,000 ಪುಸ್ತಕಗಳ ಗ್ರಂಥಾಲಯವಿದೆ, ವರ್ಣಚಿತ್ರಗಳಿವೆ, ಆರ್ಗನ್ ಇದೆ, ಸಮುದ್ರದ ಒಳಗನ್ನು ನೋಡಲು ದೊಡ್ಡ ಗಾಜಿನ ಕಿಟಕಿಗಳಿವೆ. ಅದರ ಒಡೆಯ ಕ್ಯಾಪ್ಟನ್ ನೆಮೋ.

ಅಪಘಾತದಿಂದ ಅದರೊಳಗೆ ಬಂದು ಬಿದ್ದವರು ಮೂವರು. ಪ್ರೊಫೆಸರ್ ಅರೋನಾಕ್ಸ್, ಅವನ ಸೇವಕ ಕಾನ್ಸೈಲ್, ಕೆನಡಾದ ಈಟಿಗಾರ ನೆಡ್ ಲ್ಯಾಂಡ್. ನೆಮೋ ಅವರ ಮುಂದಿಡುವ ಷರತ್ತು ಸರಳ. ನೌಕೆಯೊಳಗೆ ಎಲ್ಲಿ ಬೇಕಾದರೂ ಓಡಾಡಿ, ಏನು ಬೇಕಾದರೂ ನೋಡಿ. ನಾನು ಹೇಳಿದಾಗ ಮಾತ್ರ ಕೋಣೆಯೊಳಗಿರಿ. ನಿಮ್ಮ ಊರಿಗೆ ಮರಳುವ ಆಸೆ ಬಿಡಿ. ಮೂವರೂ ಅದನ್ನು ಮೂರು ಥರ ಕೇಳಿಸಿಕೊಳ್ಳುತ್ತಾರೆ. ಕಾನ್ಸೈಲನಿಗೆ ಯಜಮಾನ ಇದ್ದಲ್ಲಿ ಮನೆ. ಪ್ರೊಫೆಸರನಿಗೆ ಆ ಗ್ರಂಥಾಲಯ, ಆ ಕಿಟಕಿ, ಯಾವ ವಿದ್ವಾಂಸನೂ ಕಾಣದ ಮೀನು ಹವಳಗಳು; ಅವನು ಹೊರಡುವ ದಿನವನ್ನು ಮುಂದೂಡುತ್ತಲೇ ಹೋಗುತ್ತಾನೆ. ನೆಡ್ ಲ್ಯಾಂಡ್ ಒಬ್ಬನೇ ಮೊದಲ ದಿನದಿಂದ ಕೊನೆಯ ದಿನದವರೆಗೂ ಇಳಿಯುವ ದಾರಿ ಹುಡುಕುತ್ತಾನೆ. ಅವನಿಗೆ ನೆಲ ಬೇಕು, ಮಾಂಸ ಬೇಕು, ತನ್ನ ಕಾಲ ಮೇಲೆ ತಾನು ನಡೆಯಬೇಕು.

ಹುಡುಗನಾಗಿ ಓದಿದಾಗ ನಾನು ಪ್ರೊಫೆಸರನ ಕಡೆ ಇದ್ದೆ. ಓದುವ ಹುಡುಗರೆಲ್ಲ ಆ ಕಡೆಯೇ ಇರುತ್ತಾರೆ. ಅಷ್ಟು ಪುಸ್ತಕಗಳ ನಡುವೆ ಬಾಗಿಲು ಹಾಕಿಕೊಂಡರೆ ಯಾರಿಗೆ ಬೇಸರ? ಈಗ ನನ್ನ ಮನಸ್ಸು ನೆಡ್ ಲ್ಯಾಂಡನ ಕಡೆಗೆ ವಾಲಿದೆ. ಪ್ರೊಫೆಸರನ ಸೆರೆ ಹೆಚ್ಚು ಭಯಂಕರ, ಯಾಕೆಂದರೆ ಅದು ಅವನಿಗೆ ಹಿತವಾಗಿದೆ. ಸೆರೆಯನ್ನು ಸೆರೆ ಎಂದು ಗುರುತಿಸುವುದಕ್ಕೆ ಆ ಮೂವರಲ್ಲಿ ಓದದ ಈಟಿಗಾರನೇ ಬೇಕಾದ ಎಂಬುದು ವೆರ್ನನ ದೊಡ್ಡ ಕಾಣ್ಕೆ ಎಂದು ನನಗೆ ಅನಿಸುತ್ತದೆ.

ಇನ್ನು ನೆಮೋ. ಅವನು ಯಾರೆಂದು ವೆರ್ನ್ ಮೊದಲ ಕಾದಂಬರಿಯಲ್ಲಿ ಹೇಳುವುದಿಲ್ಲ. ರಷ್ಯಾದ ದಬ್ಬಾಳಿಕೆಯ ವಿರುದ್ಧ ಎದ್ದ ಪೋಲೆಂಡಿನ ಕುಲೀನನನ್ನಾಗಿ ಅವನನ್ನು ಚಿತ್ರಿಸಬೇಕೆಂಬುದು ಲೇಖಕನ ಮೊದಲ ಯೋಚನೆ. ರಷ್ಯಾದ ಓದುಗರನ್ನು ಕಳೆದುಕೊಳ್ಳುವ ಅಂಜಿಕೆಯಿಂದ ಪ್ರಕಾಶಕ ಹೆಟ್ಸೆಲ್ ಅದಕ್ಕೆ ಒಪ್ಪಲಿಲ್ಲ. ಹಾಗಾಗಿ ಅವನು ಹೆಸರೂ ನಾಡೂ ಇಲ್ಲದವನಾಗಿ ಉಳಿದ. 1874-75ರಲ್ಲಿ ಬಂದ ನಿಗೂಢ ದ್ವೀಪದ ಕಾದಂಬರಿಯಲ್ಲಿ ಗುಟ್ಟು ಬಿಚ್ಚಿಕೊಳ್ಳುತ್ತದೆ. ನೆಮೋ ಭಾರತದವನು; ಬುಂದೇಲಖಂಡದ ರಾಜನ ಮಗ, ಡಕ್ಕಾರ್ ಎಂಬ ರಾಜಕುಮಾರ; ನಂಟಿನಲ್ಲಿ ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನಿಗೆ ಸೋದರಳಿಯ! ಇತಿಹಾಸದ ಲೆಕ್ಕಕ್ಕೆ ಈ ನಂಟು ಕೂಡುವುದಿಲ್ಲ. ಆದರೆ ಇಂಗ್ಲಿಷರಿಗೆ ಎದುರಾಗಿ ನಿಂತು ಸತ್ತವನ ರಕ್ತ ತನ್ನ ನಾಯಕನಲ್ಲಿ ಹರಿಯಬೇಕೆಂದು ಎಲ್ಲೋ ಫ್ರಾನ್ಸಿನಲ್ಲಿ ಕೂತ ಕಾದಂಬರಿಕಾರನಿಗೆ ತೋರಿತಲ್ಲ, ಅದು ನನಗೆ ದೊಡ್ಡ ಮಾತು. ಯೂರೋಪಿನಲ್ಲಿ ಓದಿ ಬಂದ ಡಕ್ಕಾರ್ 1857ರ ಬಂಡಾಯದಲ್ಲಿ ಕಾದುತ್ತಾನೆ. ಹೆಂಡತಿ ಮಕ್ಕಳನ್ನು ಕಳೆದುಕೊಳ್ಳುತ್ತಾನೆ. ನಂಬಿಕೆಯ ಕೆಲವರನ್ನು ಕಟ್ಟಿಕೊಂಡು ನಿರ್ಜನ ದ್ವೀಪವೊಂದರಲ್ಲಿ ನಾಟಿಲಸ್ ಕಟ್ಟಿ ನೀರಿಗಿಳಿಯುತ್ತಾನೆ.

ಆ ನೌಕೆ ಬಂಗಾಳ ಕೊಲ್ಲಿಗೂ ಬರುತ್ತದೆ. ಗಂಗೆ ಹೊತ್ತು ತಂದ ಹೆಣಗಳು ಅಲ್ಲಿ ಸಮುದ್ರದಲ್ಲಿ ತೇಲುತ್ತಿರುತ್ತವೆ. ನಮ್ಮ ಋಷಿಕೊಂಡದ ದಂಡೆಗೆ ಬಡಿಯುವುದೂ ಅದೇ ಕೊಲ್ಲಿಯ ನೀರು. ಸಿಂಹಳದ ಬಳಿ ಮುತ್ತಿಗಾಗಿ ಮುಳುಗಿದ ಬಡ ಭಾರತೀಯನೊಬ್ಬನ ಮೇಲೆ ಶಾರ್ಕು ಎರಗಿದಾಗ ನೆಮೋ ಕಠಾರಿ ಹಿಡಿದು ಅದರ ಮೇಲೆ ಬೀಳುತ್ತಾನೆ. ಬದುಕಿಕೊಂಡ ಆ ಮನುಷ್ಯನ ಕೈಗೆ ಮುತ್ತಿನ ಚೀಲವನ್ನೇ ಇಟ್ಟು ಬರುತ್ತಾನೆ. ತಾನೂ ತುಳಿತಕ್ಕೊಳಗಾದ ಆ ನಾಡಿನವನೇ ಎಂದು ಅವನು ಪ್ರೊಫೆಸರನಿಗೆ ಹೇಳುವ ಜಾಗ ಓದುವಾಗ, ಮುಂದಿನ ಕಾದಂಬರಿಯ ಗುಟ್ಟು ತಿಳಿದವರಿಗೆ ಗಂಟಲು ಕಟ್ಟುತ್ತದೆ. ತಾಯ್ನಾಡಿನ ದಡ ಇಷ್ಟು ಹತ್ತಿರ ಇದ್ದರೂ ಅವನು ದಡ ಹತ್ತುವಂತಿಲ್ಲ. ಜನವಸತಿಯ ನೆಲ ತನಗೆ ಬೇಡ ಎಂದು ತಾನೇ ಹಾಕಿಕೊಂಡ ಕಟ್ಟು. ಬಂದರೂ ಎಲ್ಲಿಗೆ ಬಂದಾನು? ದಡವೆಲ್ಲ ಆಗ ಕಂಪನಿಯ ಕೈ ತಪ್ಪಿ ರಾಣಿಯ ಕೈಯಲ್ಲಿತ್ತು. ಏಳು ಸಮುದ್ರವೂ ಅವನದೇ, ಕಾಲಿಡಲು ಮಾತ್ರ ಊರಿಲ್ಲ.

ಕೊನೆಯಲ್ಲಿ ಜೊತೆಗಾರರೆಲ್ಲ ಸತ್ತು ಅವನೊಬ್ಬನೇ ಉಳಿಯುತ್ತಾನೆ. ದ್ವೀಪದ ಅಡಿಯ ಗುಹೆಯಲ್ಲಿ ನೌಕೆ ನಿಲ್ಲಿಸಿದ್ದಾಗ ಬಾಗಿಲ ಬಂಡೆ ಮೇಲಕ್ಕೆ ಉಬ್ಬಿ ದಾರಿ ಮುಚ್ಚಿಹೋಗುತ್ತದೆ. ಯಾವ ಯುದ್ಧನೌಕೆಯೂ ಹಿಡಿಯಲಾಗದ ನಾಟಿಲಸ್ ಕಲ್ಲಿನ ಒಂದು ಹೊಸ್ತಿಲಿಗೆ ಸೋತು ನಿಲ್ಲುತ್ತದೆ. ಅವನು ಅದರೊಳಗೇ ಸಾಯುತ್ತಾನೆ. ಅವನ ಮಾತಿನಂತೆ ದ್ವೀಪದವರು ನೀರಿನ ತೂಬು ತೆರೆದು ಅವನನ್ನೂ ಅವನ ಸಂಪತ್ತನ್ನೂ ನೌಕೆಯ ಸಮೇತ ಮುಳುಗಿಸುತ್ತಾರೆ. ಒಬ್ಬನ ಸಿಂಹಾಸನ, ಮನೆ, ಸೆರೆಮನೆ, ಗೋರಿ ಎಲ್ಲವೂ ಒಂದೇ ಉಕ್ಕಿನ ಚಿಪ್ಪಾದ ಇನ್ನೊಂದು ಕತೆ ನನಗೆ ಗೊತ್ತಿಲ್ಲ.

ವಿಶಾಖಪಟ್ಟಣದ ಜನಕ್ಕೆ ಇದು ಬರೇ ಕತೆಯಲ್ಲ. ಕುರ್ಸುರಾ ಕೂತಿರುವ ದಂಡೆಯಿಂದ ಕಡಲ ಕಡೆ ಮುಖ ಮಾಡಿ ನಿಂತರೆ, ಎದುರಿನ ನೀರಿನಡಿ, ಬಂದರಿನಿಂದ ಹೆಚ್ಚು ದೂರವಲ್ಲದೆ, ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಬಿದ್ದಿದೆ. 1971ರ ಭಾರತ ಪಾಕಿಸ್ತಾನ ಯುದ್ಧದಲ್ಲಿ, ಡಿಸೆಂಬರ್ 3ರ ರಾತ್ರಿ ಕಳೆದು 4 ಹುಟ್ಟುವ ಹೊತ್ತಿಗೆ ತೊಂಬತ್ತಕ್ಕೂ ಹೆಚ್ಚು ಮಂದಿಯೊಂದಿಗೆ ಅದು ಮುಳುಗಿತು. ನಮ್ಮವರು ನಮ್ಮ ದಾಳಿಯಿಂದ ಎನ್ನುತ್ತಾರೆ, ಅವರು ಆಕಸ್ಮಿಕ ಸ್ಫೋಟದಿಂದ ಎನ್ನುತ್ತಾರೆ. ಒಳಗಿದ್ದವರು ಮಾತ್ರ ಇಂದಿಗೂ ಇಳಿದಿಲ್ಲ. ಅದೇ ಯುದ್ಧದಲ್ಲಿ ಕುರ್ಸುರಾ ಅರಬ್ಬಿ ಸಮುದ್ರದಲ್ಲಿ ಕಾವಲಿತ್ತು. ಗೊತ್ತುಮಾಡಿದ ಸಾಗಣೆ ದಾರಿಗಳೊಳಗೆ ಹೋಗಬಾರದು, ಖಚಿತ ಅಪ್ಪಣೆಯಿಲ್ಲದೆ ಯಾವ ಹಡಗನ್ನೂ ಮುಳುಗಿಸಬಾರದು ಎಂಬ ಕಟ್ಟುಪಾಡಿನಲ್ಲೇ ಅದು ತಿರುಗಿತು. 2017ರಲ್ಲಿ ಸಂಕಲ್ಪ್ ರೆಡ್ಡಿ ಘಾಜಿಯನ್ನು ತೆಲುಗಿನಲ್ಲೂ ಹಿಂದಿಯಲ್ಲೂ ಚಿತ್ರ ಮಾಡಿದಾಗ, ಮಧುರವಾಡದ ನಮ್ಮ ಓಣಿಯ ಹುಡುಗರು ವಾರಗಟ್ಟಲೆ ಅದನ್ನೇ ಮಾತಾಡುತ್ತಿದ್ದರು. ಚಿತ್ರ ಗೆದ್ದವರ ಕಡೆಯಿಂದ ಹೇಳಿದ್ದು, ಅದು ಸಹಜ. ನನಗೆ ಆ ತೊಂಬತ್ತು ಮಂದಿಯ ಮನೆಗಳ ನೆನಪಾಗುತ್ತದೆ.

ನಮ್ಮ ಹಳೆಯ ಕಾವ್ಯಗಳನ್ನು ಈ ಅಳತೆಗೋಲು ಹಿಡಿದು ಓದಿದರೆ ಸೀತೆಯ ಬದುಕೆಲ್ಲ ಬೇರೆಯವರು ಓಡಿಸಿದ ವಾಹನಗಳಲ್ಲೇ ಕಳೆದಿದೆ. ರಾವಣನ ರಥ ಹೇಗೂ ಸರಿ. ಪುಷ್ಪಕ ವಿಮಾನವನ್ನು ನೋಡಿ. ಇಂದ್ರಜಿತುವಿನ ಸರ್ಪಾಸ್ತ್ರಕ್ಕೆ ಸಿಕ್ಕಿ ರಾಮಲಕ್ಷ್ಮಣರು ಬಿದ್ದಾಗ, ಗಂಡ ಸತ್ತನೆಂದು ನಂಬಿಸುವುದಕ್ಕಾಗಿ ಸೀತೆಯನ್ನು ಅದರಲ್ಲೇ ಕೂರಿಸಿ ರಣರಂಗದ ಮೇಲೆ ತರುತ್ತಾರೆ. ಜೊತೆಗಿದ್ದ ತ್ರಿಜಟೆ ಹೇಳುವ ಸಮಾಧಾನವನ್ನು ವಾಲ್ಮೀಕಿ ಬಿಟ್ಟು ಇನ್ನು ಯಾರಿಗೂ ಯೋಚಿಸಲು ಆಗುತ್ತಿರಲಿಲ್ಲವೇನೋ. ಗಂಡ ಸತ್ತಿದ್ದರೆ ಈ ವಿಮಾನ ನಿನ್ನನ್ನು ಹೊರುತ್ತಿರಲಿಲ್ಲ ಎನ್ನುತ್ತಾಳೆ ಅವಳು. ಮುಂದೆ ಅದೇ ಪುಷ್ಪಕದಲ್ಲಿ ಸೀತೆ ಅಯೋಧ್ಯೆಗೆ ಮರಳುತ್ತಾಳೆ. ರಾಮ ಪಕ್ಕದಲ್ಲಿ ಕೂತು ಸೇತುವೆಯನ್ನೂ ಕಾಡುಗಳನ್ನೂ ತೋರಿಸುತ್ತಾ ಬರುತ್ತಾನೆ. ವಿಮಾನ ಬದಲಾಗಲಿಲ್ಲ, ಆಕಾಶವೂ ಬದಲಾಗಲಿಲ್ಲ. ಒಂದು ಸಲ ಅವಳು ಬಂದಿ, ಇನ್ನೊಂದು ಸಲ ಪಟ್ಟದ ರಾಣಿ.

ಆ ರಾಣಿತನ ಎಷ್ಟು ದಿನದ್ದು ಎನ್ನುವುದಕ್ಕೆ ಮೂರನೆಯ ವಾಹನ ಇದೆ. ಲಕ್ಷ್ಮೀಶನ ಜೈಮಿನಿ ಭಾರತ ಕೇಳಿ ಬೆಳೆದ ಮನೆಗಳಲ್ಲಿ ಅದನ್ನು ವಿವರಿಸಬೇಕಾಗಿಲ್ಲ. ಋಷಿಗಳ ಆಶ್ರಮ ನೋಡುವ ಬಸುರಿಯ ಬಯಕೆ ಈಡೇರಿತೆಂದು ಸೀತೆ ಹಿಗ್ಗುತ್ತಾಳೆ, ಋಷಿಪತ್ನಿಯರಿಗೆಂದು ಸೀರೆ ಒಡವೆ ಕಟ್ಟಿಕೊಳ್ಳುತ್ತಾಳೆ, ಲಕ್ಷ್ಮಣ ತಂದು ನಿಲ್ಲಿಸಿದ ರಥ ಹತ್ತುತ್ತಾಳೆ. ಆ ರಥ ಎಲ್ಲಿಗೆ ಹೋಗುತ್ತಿದೆಯೆಂದು ಬಲ್ಲವನು ಲಕ್ಷ್ಮಣ, ಅವನಿಗೆ ಬಾಯಿ ಬಿಡಲಾಗದು. ಚಿಕ್ಕವನಿದ್ದಾಗ ಅಜ್ಜನ ಮನೆಯ ಜಗಲಿಯಲ್ಲಿ ಈ ಭಾಗದ ವಾಚನವಾದಾಗ, ಅವಳು ಸೀರೆ ಕಟ್ಟಿಕೊಳ್ಳುವ ಜಾಗಕ್ಕೇ ಹೆಂಗಸರು ಅಳಲು ಶುರುಮಾಡುತ್ತಿದ್ದರು. ಕಾಡಿನಲ್ಲಿ ಬಿಟ್ಟುಬರುವ ಜಾಗ ಇನ್ನೂ ದೂರವಿರುತ್ತಿತ್ತು. ಇಳಿಯಗೊಡದಿರುವುದು ಸೆರೆಯಾದರೆ, ಬೇಡದ ಜಾಗದಲ್ಲಿ ಇಳಿಸಿ ಹೋಗುವುದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಹಳೆಯ ಕಾವ್ಯ ಬಿಟ್ಟು ನಮ್ಮ ಕಾಲಕ್ಕೆ ಬಂದರೆ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರದ್ದು. ಅಷ್ಟು ದೊಡ್ಡ ಕಾದಂಬರಿಯಲ್ಲಿ ಜನ ಹೆಚ್ಚಾಗಿ ನಡೆಯುತ್ತಾರೆ. ಮೊದಲ ಪುಟದಲ್ಲೇ ಗುತ್ತಿ ತನ್ನ ನಾಯಿ ಹುಲಿಯನೊಂದಿಗೆ ನಡೆದು ಬರುತ್ತಾನೆ, ಪ್ರೀತಿಸಿದ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದಕ್ಕೆ. ಕಾಲ್ನಡಿಗೆಯ ಆ ಲೋಕದಲ್ಲಿ ಯಾರ ಗಾಡಿಯ ಹಂಗೂ ಇಲ್ಲ. ಜೀತ, ಜಾತಿ, ಸಾಲ ಇವು ಕಾಲಿಗೆ ಕಟ್ಟಿದ ಹಗ್ಗಗಳು, ಆ ಮಾತು ಬೇರೆ. ಕೊನೆಗೆ ಮಾತ್ರ ತುಂಗೆ ಅಡ್ಡ ಬರುತ್ತದೆ, ಮಳೆಗಾಲದ ತುಂಬು ಹೊಳೆ. ದೋಣಿಯೊಂದು ಗುತ್ತಿ ತಿಮ್ಮಿಯರನ್ನು ಬಿಡುಗಡೆಯ ದಡಕ್ಕೆ ಒಯ್ಯುತ್ತದೆ. ಹುಲಿಯ ಹೊಳೆಯ ಪಾಲಾಗುತ್ತದೆ. ಇಬ್ಬರ ಬಿಡುಗಡೆಯ ದೋಣಿಯಲ್ಲಿ ಮೂರನೆಯ ಜೀವಕ್ಕೆ ಜಾಗವಿರಲಿಲ್ಲ. ಕನ್ನಡದಲ್ಲಿ ನಾಯಿಯೊಂದರ ಸಾವು ಇಷ್ಟು ಎದೆ ಒಡೆಯುವುದನ್ನು ನಾನು ಬೇರೆಲ್ಲೂ ಓದಿಲ್ಲ. ಹತ್ತಿದವರಿಗೆ ಇಳಿಯುವ ಹಕ್ಕು ಎಂದು ನಾನು ಮಾತಾಡುತ್ತಿದ್ದೇನೆ; ಹತ್ತಿಸಿಕೊಳ್ಳದೆ ಬಿಟ್ಟವರ ಕತೆಯನ್ನು ಕುವೆಂಪು ಒಂದು ನಾಯಿಯಿಂದ ಹೇಳಿಸಿಬಿಟ್ಟರು.

ಜಯಂತ ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’ ಎಂಬ ಕತೆಯಲ್ಲಿ ಇದಕ್ಕೆ ತಿರುಗುಮುರುಗಾದ ಒಂದು ಖುಷಿ ಇದೆ. ಅದೇ ಹೆಸರಿನ ಸಂಕಲನ 1989ರಲ್ಲಿ ಬಂತು. ಮುಂಬಯಿಯ ಮದುವೆ ಮೆರವಣಿಗೆಯಲ್ಲಿ ವರನನ್ನು ಹೊತ್ತ ಕುದುರೆ ಕಡಿವಾಣ ತಪ್ಪಿ ಓಡಿಬಿಡುತ್ತದೆ. ವರ ಸಿಂಗರಿಸಿಕೊಂಡು, ಮುಖ ಮುಚ್ಚಿಕೊಂಡು, ಎಲ್ಲರೂ ಕರೆದೊಯ್ದ ಕಡೆ ಹೋಗಬೇಕಾದವನು. ಅವನ ಕುದುರೆಯೂ ಬಾಡಿಗೆಯದು, ಮೆರವಣಿಗೆಯಿಂದ ಮೆರವಣಿಗೆಗೆ ತಿರುಗುವುದೇ ಅದರ ಪಾಡು. ಇಬ್ಬರು ಬಂದಿಗಳು ಒಟ್ಟಿಗೆ ತಪ್ಪಿಸಿಕೊಂಡಿದ್ದಾರೆ, ಆದರೆ ಒಬ್ಬನಿಗೆ ಇನ್ನೊಬ್ಬನನ್ನು ನಿಲ್ಲಿಸುವ ಬಗೆ ಗೊತ್ತಿಲ್ಲ. ಗೋಕರ್ಣದಿಂದ ಮುಂಬಯಿಗೆ ಹೋದ ಕತೆಗಾರನೇ ಇದನ್ನು ಬರೆಯಬಲ್ಲ. ಊರು ಬಿಟ್ಟ ಪ್ರತಿಯೊಬ್ಬನೂ ಅಂಥ ಒಂದು ಕುದುರೆಯ ಬೆನ್ನ ಮೇಲೆ ಕೆಲವು ವರ್ಷ ಇದ್ದವನೇ.

ನಾನೂ ಊರು ಬಿಟ್ಟು ಮಧುರವಾಡಕ್ಕೆ ಬಂದವನು. ಬೆಂಗಳೂರಿಗೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ಸು ಭುವನೇಶ್ವರದಿಂದ ಬಂದು ವಿಶಾಖಪಟ್ಟಣದಲ್ಲಿ ಎಂಜಿನ್ನು ಆ ತುದಿಯಿಂದ ಈ ತುದಿಗೆ ಬದಲಿಸಿಕೊಂಡು ಹೊರಡುತ್ತದೆ, ರಾತ್ರಿಗೆ ವಿಜಯವಾಡದ ಕಡೆ ಸಾಗುತ್ತದೆ. ಹೆದ್ದಾರಿಯ ಆಚೆ ಈಚೆ ಎದ್ದ ಅಪಾರ್ಟ್‌ಮೆಂಟುಗಳು, ಋಷಿಕೊಂಡದ ಗುಡ್ಡದ ಕಂಪನಿಗಳು, ಕ್ರಿಕೆಟ್ ಸ್ಟೇಡಿಯಮ್ಮು; ಈ ಊರು ಓಡಾಟದ ಮೇಲೆಯೇ ನಿಂತಿದೆ. ಬೆಳಿಗ್ಗೆ ಕೊಮ್ಮಾದಿ ಜಂಕ್ಷನ್ನಿನಲ್ಲಿ ಶೇರ್ ಆಟೊಗಳಿಗೆ ಹೆಂಗಸರು ತುಂಬುತ್ತಾರೆ. ಮನೆಗೆಲಸದವರು, ಅಂಗಡಿಯವರು, ಆಸ್ಪತ್ರೆಯ ನರ್ಸುಗಳು. ಒಬ್ಬರ ಮೇಲೊಬ್ಬರು ಕೂತು, ಒಂದು ಕಾಲು ಹೊರಗೆ, ಒಂದು ಕೈ ಕಂಬಿಗೆ. "ಇಕ್ಕಡ ದಿಗಾಲಿ, ಆಪಂಡಿ" (ಇಲ್ಲಿ ಇಳಿಯಬೇಕು, ನಿಲ್ಲಿಸಿ) ಎಂದರೆ ಆಟೊ ನಿಲ್ಲುತ್ತದೆ. ಉಸಿರುಗಟ್ಟುವಷ್ಟು ಇಕ್ಕಟ್ಟು, ಆದರೂ ಆ ದನಿಯಲ್ಲಿ ಎಂಥ ಅಧಿಕಾರ! ಕರ್ನಾಟಕದಲ್ಲಿ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ ನಾನು ದೂರದಿಂದ ಓದಿದ್ದೆ. ಇಲ್ಲಿ 2025ರ ಆಗಸ್ಟ್ 15ರಿಂದ ಸ್ತ್ರೀಶಕ್ತಿ ಯೋಜನೆ ಬಂದು ಪಲ್ಲೆವೆಲುಗು ಎಂಬ ಹಳ್ಳಿ ಬಸ್ಸು, ಸಿಟಿ ಬಸ್ಸು, ಎಕ್ಸ್‌ಪ್ರೆಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾದದ್ದನ್ನು ಕಣ್ಣಾರೆ ಕಂಡೆ. ಕೆಲಸಕ್ಕಲ್ಲದೆ, ಆಸ್ಪತ್ರೆಗಲ್ಲದೆ, ಸುಮ್ಮನೆ ಸಮುದ್ರ ನೋಡಿ ಬರಲು ಹೊರಟ ಮುದುಕಿಯರು ನಮ್ಮ ಬಸ್ಸಿನಲ್ಲಿ ಕಾಣಿಸತೊಡಗಿದರು. ಬಸ್ಸು ಖರ್ಚಿನ ಬಾಬತ್ತನ್ನು ಅರ್ಥಶಾಸ್ತ್ರ ಬಲ್ಲವರು ಚರ್ಚಿಸಲಿ. ಕಾರಣ ಹೇಳದೆ ಮನೆಯಿಂದ ಹೊರಟು, ಬೇಕಾದ ಸ್ಟಾಪಿನಲ್ಲಿ ಇಳಿಯುವ ಹೆಂಗಸು ನಮ್ಮ ಕತೆಗಳಿಗೆ ಹೊಸಬಳು. ಅವಳಿಗಾಗಿ ನಾನು ಕಾದಿದ್ದೇನೆ.

ಯಾಕೆಂದರೆ ಈ ಸೀಮೆಯ ಅತಿ ಪ್ರಸಿದ್ಧ ನಾಟಕದಲ್ಲಿ ಅವಳ ಅಜ್ಜಿಯೊಬ್ಬಳಿದ್ದಾಳೆ. ವಿಜಯನಗರಂನ ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ 1892ರಲ್ಲಿ ಮೊದಲು ರಂಗಕ್ಕೆ ಬಂತು, 1909ರಲ್ಲಿ ತಿದ್ದಿ ಬೆಳೆಸಿದ ರೂಪ ತಾಳಿತು. ಹಣ ತೆಗೆದುಕೊಂಡು ಪುಟ್ಟ ಹುಡುಗಿಯರನ್ನು ಮುದುಕರಿಗೆ ಕೊಡುವ ಅಗ್ರಹಾರದ ಕತೆ. ನಮ್ಮ ಹೊನ್ನಾವರದ ಪಕ್ಕದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಇದೇ ಅನಿಷ್ಟದ ಮೇಲೆ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವನ್ನು 1887ರಲ್ಲೇ ಬರೆದಿದ್ದರು, ದೊಡ್ಡಾಯಿ ಆಡುವ ಹವ್ಯಕರ ಮಾತನ್ನೇ ರಂಗಕ್ಕೆ ತಂದು. ಪಶ್ಚಿಮದ ಕಡಲಿನವರೂ ಪೂರ್ವದ ಕಡಲಿನವರೂ ಒಬ್ಬರನ್ನೊಬ್ಬರು ಕಾಣದೆಯೇ ಐದು ವರ್ಷದ ಅಂತರದಲ್ಲಿ ಒಂದೇ ನೋವಿಗೆ ಮಾತು ಕೊಟ್ಟರು ಎಂದು ನೆನೆದಾಗಲೆಲ್ಲ ನನಗೆ ಎರಡೂ ಊರಿನ ಮೇಲೆ ಪ್ರೀತಿ ಹೆಚ್ಚುತ್ತದೆ.

ಕನ್ಯಾಶುಲ್ಕಂನ ಬುಚ್ಚಮ್ಮ ಬಾಲವಿಧವೆ. ತಂಗಿ ಸುಬ್ಬಿಯನ್ನು ಮುದುಕನಿಗೆ ಕೊಡಲು ತಂದೆ ಗೊತ್ತುಮಾಡಿದ್ದಾನೆ. ಮನೆಪಾಠದ ನೆವದಲ್ಲಿ ಸೇರಿಕೊಂಡ ಗಿರೀಶಂ ಇಂಗ್ಲಿಷು ಉದುರಿಸುತ್ತಾ, ವಿಧವಾವಿವಾಹದ ಭಾಷಣ ಮಾಡುತ್ತಾ ಅವಳ ಮನಸ್ಸು ತಿರುಗಿಸುತ್ತಾನೆ. ಮದುವೆಗೆ ಹೊರಟ ದಾರಿಯಲ್ಲಿ ಅವನು ಬುಚ್ಚಮ್ಮನೊಂದಿಗೆ ಪರಾರಿಯಾಗುತ್ತಾನೆ. ತಂಗಿಯನ್ನು ಸೆರೆಗೆ ಒಯ್ಯಬೇಕಿದ್ದ ಪ್ರಯಾಣವೇ ಅಕ್ಕನಿಗೆ ಬಿಡುಗಡೆಯ ದಾರಿ. ಹೀಗೆ ಹೇಳಿದರೆ ಸುಲಭ. ಆದರೆ ಗಿರೀಶಂ ಎಂಥವನೆಂದು ನಾಟಕ ನೋಡಿದವರಿಗೆಲ್ಲ ಗೊತ್ತು. ಅವನ ಜೊತೆ ಹೋದ ಬುಚ್ಚಮ್ಮ ಒಬ್ಬ ಯಜಮಾನನಿಂದ ಇನ್ನೊಬ್ಬ ಯಜಮಾನನ ಕೈಗೆ ಹೋದಳಷ್ಟೇ ಎಂದು ನನಗೆ ಬಹಳ ಕಾಲ ಅನಿಸುತ್ತಿತ್ತು. ಗುರಜಾಡರು ಹಾಗೆ ಬಿಡುವವರಲ್ಲ. ವಿಶಾಖಪಟ್ಟಣದ ವಕೀಲ ಸೌಜನ್ಯರಾವ್ ಪಂತುಲು ಗಿರೀಶಂನ ನಿಜ ತಿಳಿದು ಅವನನ್ನು ಹೊರಗೆ ಹಾಕುತ್ತಾರೆ. ಬುಚ್ಚಮ್ಮನಿಗೆ ಪುಣೆಯ ವಿಧವಾಶ್ರಮದ ದಾರಿ ತೆರೆಯುತ್ತದೆ.

ಆ ಕಾಲದ ಪುಣೆಯಲ್ಲಿ ಅಂಥ ಜಾಗಗಳಿದ್ದವು. ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿ, ತಂದೆತಾಯಿಯ ಜೊತೆ ದೇಶವೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಬೆಳೆದ ಪಂಡಿತಾ ರಮಾಬಾಯಿ ತಮ್ಮ ಶಾರದಾ ಸದನವನ್ನು ಮುಂಬಯಿಯಿಂದ ಅಲ್ಲಿಗೆ ತಂದಿದ್ದರು. 1896ರಲ್ಲಿ ಸಮಾಜ ಸುಧಾರಕ ಕರ್ವೆಯವರು ವಿಧವೆಯರಿಗಾಗಿ ತಮ್ಮ ಆಶ್ರಮ ತೆರೆದರು. ನಾಟಕ ಬುಚ್ಚಮ್ಮನ ಪ್ರಯಾಣವನ್ನು ತೋರಿಸುವುದಿಲ್ಲ. ಗಿರೀಶಂನ ಮೇಲೆ ಪರದೆ ಬೀಳುತ್ತದೆ. ತೆಲುಗರು ಇಂದಿಗೂ ನೆನೆಯುವುದು ಅವನ ಕೊನೆಯ ಉದ್ಗಾರವನ್ನೇ. ನನಗೆ ಬೇಕಾದದ್ದು ಅವಳ ರೈಲು. 1893ರಿಂದ 1896ರೊಳಗೆ ಕಟಕದಿಂದ ವಿಜಯವಾಡದವರೆಗಿನ ಹಳಿ ಓಡಾಟಕ್ಕೆ ತೆರೆದಿತ್ತು. 1909ರ ಬುಚ್ಚಮ್ಮ ವಿಶಾಖಪಟ್ಟಣದ ವಾಲ್ಟೇರಿನಲ್ಲಿ ಹತ್ತಿ, ಗೋದಾವರಿ ದಾಟಿ, ವಿಜಯವಾಡಕ್ಕೆ ಬಂದು ಅಲ್ಲಿಂದ ಮುಂದೆ ಹೋಗಬೇಕು. ನಿಜಾಮರ ರೈಲಿನಲ್ಲಿ ಹೈದರಾಬಾದಿನ ಮೇಲೆ ಹೋದರೂ ಸರಿ, ಗುಂತಕಲ್ಲು ರಾಯಚೂರಿನ ಮೇಲೆ ಹೋದರೂ ಸರಿ, ಎರಡು ದಾರಿಯೂ ಬಂದು ಸೇರುವುದು ನಮ್ಮ ಕಲಬುರಗಿ ಸೀಮೆಯ ವಾಡಿಯಲ್ಲಿ.

ತೆಲುಗು ಬಿಟ್ಟು ಬೇರೆ ಮಾತು ಬಾರದ, ತಲೆ ಬೋಳಾಗಿರಬಹುದಾದ, ಒಬ್ಬ ಗಂಡಸಿನ ಮಾತು ನಂಬಿ ಒಮ್ಮೆ ಮೋಸ ಹೋದ ಇಪ್ಪತ್ತರ ಆಸುಪಾಸಿನ ಹೆಣ್ಣು ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕು. ಗಂಟು ಎತ್ತಿಕೊಳ್ಳಬೇಕು. ಇಳಿಯಬೇಕು, ಯಾವ ಗಾಡಿ ಪುಣೆಯದು ಎಂದು ಕನ್ನಡ ಉರ್ದು ಮರಾಠಿ ಬೆರೆತ ಆ ಪ್ಲಾಟ್‌ಫಾರಮ್ಮಿನಲ್ಲಿ ಯಾರನ್ನಾದರೂ ಕೇಳಬೇಕು. ಯಾರನ್ನು ಕೇಳುತ್ತಾಳೆ? ನೀರು ಮಾರುವವನನ್ನೋ, ಮಗು ಎತ್ತಿಕೊಂಡು ಕೂತ ಸೇಡಂ ಕಡೆಯ ಹೆಂಗಸನ್ನೋ? ಬೇಕೆಂದರೆ ಅವಳು ಹಿಂದಕ್ಕೆ ಹೋಗುವ ಗಾಡಿಯನ್ನೂ ಹತ್ತಬಹುದು. ಆ ಹೊತ್ತಿನಲ್ಲಿ ಅವಳನ್ನು ತಡೆಯುವವರು ಅಲ್ಲಿ ಯಾರೂ ಇಲ್ಲ. ಆ ಒಂದು ಗಂಟೆಯ ಕತೆಯನ್ನು ತೆಲುಗರು ಯಾರಾದರೂ ಬರೆಯಲಿ, ಇಲ್ಲವೇ ವಾಡಿ ನಮ್ಮದಾದ್ದರಿಂದ ಕನ್ನಡದವರೇ ಬರೆಯಲಿ.